ಹೀಮೋ-ಪ್ಟಿಸಿಸ್ ಯಾಕಲ್ಲ, ಹೀ-ಮಾಪ್-ಟಿ-ಸಿಸ್ ಯಾಕ: ಗ್ರೀಕ್ ಮೆಡಿಕಲ್ ಶಬ್ದ ಬಾಯಾಗ ಒಡಿಯೋದು ಹ್ಯಾಂಗ

ಕೆಮ್ಮಿದಾಗ ಕಫದ ಜೋಡಿ ರಕ್ತ ಬಿದ್ರ ಡಾಕ್ಟ್ರು ಕೇಸ್ ಶೀಟ್‌ನಾಗ ಒಂದು ಶಬ್ದ ಬರೀತಾರ, ಹೀಮಾಪ್ಟಿಸಿಸ್. ಟಿಬಿ ಇದ್ದೋರ ಫೈಲ್‌ನಾಗ ಇದು ಭಾಳ ಕಾಣ್ತದ. ನಾನು ಕಲಬುರಗಿಯಾಗ ನರ್ಸಿಂಗ್ ಮತ್ತ ಪ್ಯಾರಾಮೆಡಿಕಲ್ ಹುಡುಗ್ರಿಗೆ ಮೆಡಿಕಲ್ ಟರ್ಮಿನಾಲಜಿ ಕಲಸ್ತೀನಿ, ಚಿಂಚೋಳಿ, ಔರಾದ, ಸುರಪುರ, ಶಹಾಪುರ ಕಡಿಂದ ಬಂದ ಹುಡುಗ್ರು, ಹತ್ತನೇ ತನಕ ಪೂರಾ ಕನ್ನಡ ಮೀಡಿಯಂ, ಶಾಣ್ಯಾರು. ಈ ಶಬ್ದ ಬೋರ್ಡ್ ಮ್ಯಾಲ ಬರದ್ರ ಅರ್ಥ ಪಟ್ನ ಹೇಳ್ತಾರ, ಹೀಮೊ ಅಂದ್ರ ರಕ್ತ ಮೇಡಂ, ಪ್ಟಿಸಿಸ್ ಅಂದ್ರ ಉಗುಳೋದು. ಹಂಗಾದ್ರ ಜೋರಾಗಿ ಓದು ಅಂದ್ರ "ಹೀಮೋ..." ಅಂದು ನಿಂತ್ಬಿಡ್ತಾರ. ಮುಂದ ಪ ಮತ್ತ ಟ ಒಂದಕ್ಕೊಂದು ಅಂಟಿ ನಿಂತಾವ, ಅದಕ್ಕ ಬಾಯಿ ಹ್ಯಾಂಗ ತೆರೀಬೇಕೋ ಗೊತ್ತಾಗಲ್ಲ. ಕೆಲವ್ರು ಪ ನುಂಗಿ ಹೀಮೋಟೈಸಿಸ್ ಅಂತಾರ, ಕೆಲವ್ರು ನಡುವ ಒಂದು ಉಕಾರ ಹಾಕಿ ಹೀಮೋಪುಟಿಸಿಸ್ ಅಂತಾರ.

ಇದರಾಗ ಹುಡುಗ್ರ ತಪ್ಪೇನಿಲ್ರಿ. ಪುಸ್ತಕದಾಗ ಶಬ್ದ ಒಡದು ತೋರ್ಸೋದು ಖಾಲಿ ಅರ್ಥದ ಲೆಕ್ಕದಾಗ. ಹೀಮೊ ಒಂದು ಕಡಿ, ಪ್ಟಿಸಿಸ್ ಒಂದು ಕಡಿ, ನಡುವ ಒಂದು ಗೀಟು. ಆ ಗೀಟು ಕಣ್ಣಿಗೆ, ತಲಿಗೆ ಸರಿ. ಆದ್ರ ಬಾಯಿ ಆ ಗೀಟಿನ ಮ್ಯಾಲ ಒಡಿಯೋದಿಲ್ಲ, ಬಾಯಿ ತನಗೆಲ್ಲಿ ಸಲೀಸೋ ಅಲ್ಲಿ ಒಡೀತದ. ಹೀ-ಮಾಪ್-ಟಿ-ಸಿಸ್. ಪ ಹಿಂದಿನ ತುಣುಕಿಗೆ ಹೋಯ್ತು, ಟ ಮುಂದಿನ ತುಣುಕಿಗೆ ಬಂತು, ಜಗಳ ಮುಗೀತು, ಜೋರು (ಅಂದ್ರ ದನಿ ಒತ್ತಿ ಅನ್ನೋದು) ಬೀಳೋದು ಮಾಪ್ ಮ್ಯಾಲ. ನಾನು ಇಲ್ಲಿ ಹೇಳ್ಬೇಕು ಅನ್ನೋದು ಮೂಲದಾಗ ಇಷ್ಟೇ, ಗ್ರೀಕ್ ಶಬ್ದಕ್ಕ ಒಡಿಯೋ ಜಾಗ ಎರಡು ಥರ ಇರ್ತಾವ, ಅರ್ಥಕ್ಕೊಂದು ಬಾಯಿಗೊಂದು, ಮತ್ತ ಬಾಯಿ ಒಡಿಯೋದು ಹ್ಯಾಂಗ ಅನ್ನೋದು ಕನ್ನಡ ಸಾಲಿ ಕಲ್ತೋರಿಗೆ ಅರ್ಧ ಮೊದಲೇ ಗೊತ್ತಿರ್ತದ.

ನಮ್ಮೂರ ಹೆಸರೇ ನೋಡ್ರಿ. ಬರಿಯೋದು ಐದು ಅಕ್ಷರ, ಕ-ಲ-ಬು-ರ-ಗಿ. ಬಸ್ ಸ್ಟ್ಯಾಂಡ್‌ನಾಗ ಕಂಡಕ್ಟರ್ ಕೂಗೋದು ಮೂರೇ ತುಣುಕು, ಕಲ್-ಬುರ್-ಗಿ. ಯಾದಗಿರಿ ಯಾದ್-ಗಿರ್ ಆಗ್ತದ. ಮತ್ತ ಹಸ್ತ, ವಸ್ತ್ರ ಅನ್ನೋ ಶಬ್ದ ಬರಿವಾಗ ಸಕಾರ ಮುಂದಿನ ಅಕ್ಷರದಾಗ ಕೂಡಿರ್ತದ, ಹ-ಸ್ತ, ಆದ್ರ ಅನ್ನೋದು ಹಸ್-ತ. ಬರವಣಿಗಿ ಒಂದು ಕಡಿ ಒಡೀತದ ಬಾಯಿ ಇನ್ನೊಂದು ಕಡಿ ಒಡೀತದ ಅನ್ನೋದು ನಮಗೇನು ಹೊಸದಲ್ಲ, ದಿನಾ ಮಾಡೋದೇ. ಇಂಗ್ಲಿಷ್ ಅಕ್ಷರ ಕಂಡ ಕೂಡ್ಲೇ ಅದನ್ನ ಮರೀತೀವಿ ಅಷ್ಟೇ.

ಹೆಲಿಕಾಪ್ಟರ್ ಗೊತ್ತಲ್ಲ? ಇದೂ ಗ್ರೀಕಿಂದ ಕಟ್ಟಿದ್ದು, 1861ರಾಗ ಫ್ರಾನ್ಸ್‌ನವ್ರು ಒಬ್ರು ಮಾಡಿದ ಶಬ್ದ. ಅರ್ಥದ ಪ್ರಕಾರ ಒಡದ್ರ ಹೆಲಿಕೊ ಮತ್ತ ಪ್ಟರ್. ಹೆಲಿಕೊ ಅಂದ್ರ ಸುರುಳಿ, ಪ್ಟೆರಾನ್ ಅಂದ್ರ ರೆಕ್ಕಿ. ಹಂಗ ಯಾರಾದ್ರೂ ಅಂತಾರೇನು? ಎಲ್ಲಾರ ಬಾಯಾಗೂ ಹೆಲಿ-ಕಾಪ್-ಟರ್. ಬಾಯಿ ಒಡದ ಜಾಗ ಎಷ್ಟು ಗಟ್ಟಿ ಆಯ್ತಂದ್ರ ಮುಂದ ಜನ ಹೆಲಿ ಅನ್ನೋದೇ ಒಂದು ಬ್ಯಾರೆ ತುಣುಕು ಅಂತ ತಿಳ್ಕೊಂಡು ಹೆಲಿಪ್ಯಾಡ್, ಹೆಲಿಪೋರ್ಟ್ ಅಂತ ಹೊಸ ಶಬ್ದನೂ ಮಾಡಿಬಿಟ್ರು, ಸುರುಳಿ ಅನ್ನೋದರ ಬಾಲ ಕತ್ತರಿಸಿ ಹೋಯ್ತು, ರೆಕ್ಕಿಯಂತೂ ಪೂರಾ ಮಾಯ. ಹೀಮಾಪ್ಟಿಸಿಸ್ ಮತ್ತ ಹೆಲಿಕಾಪ್ಟರ್ ಒಂದೇ ಅಳತಿಯವು, ಹೆಲಿಕಾಪ್ಟರ್ ಅನ್ನೋಕ ಬರ್ತದಂದ್ರ ಇದೂ ಬರ್ತದ ಅಂತ ಕ್ಲಾಸ್‌ನಾಗ ಹೇಳ್ತೀನಿ, ಭಾಳ ಹುಡುಗ್ರಿಗೆ ಅಷ್ಟರಾಗೇ ಬಂದ್ಬಿಡ್ತದ.

ಈಗ ಇದರ ಹಿಂದಿನ ಕಾರಣ. ಹಳೇ ಗ್ರೀಕರಿಗೆ ಪ್ಟ, ಪ್ಸ, ಪ್ನ, ಮ್ನ ಇಂಥಾ ಜೋಡಿಲಿಂದ ಶಬ್ದ ಶುರು ಮಾಡೋದು ಸಲೀಸಿತ್ತು. ಇಂಗ್ಲಿಷ್ ನಾಲಿಗಿಗೆ ಅದು ಆಗಂಗಿಲ್ಲ. ಬರಿಯೋದು ಹಂಗೇ ಉಳಿಸ್ಕೊಂಡ್ರು, ಅನ್ನೋವಾಗ ಮೊದಲಿನದು ಬಿಟ್ರು. ಅದಕ್ಕೇ ನ್ಯುಮೋನಿಯಾದಾಗ ಪ ಬರೀತಾರ ಅನ್ನೋದಿಲ್ಲ, ಸೈಕಿಯಾಟ್ರಿದಾಗೂ ಹಂಗೇ, ಸೋರಿಯಾಸಿಸ್‌ನಾಗೂ ಹಂಗೇ, ಕಣ್ಣಿನ ರೆಪ್ಪಿ ಜೋತು ಬೀಳೋದಕ್ಕ ಟೋಸಿಸ್ ಅಂತಾರ ಅದರಾಗೂ ಮೊದಲ ಪ ಕುಂತದ, ಸುಮ್ನ ಕುಂತದ. ಇಲ್ಲಿ ತನಕ ಎಲ್ಲಾರಿಗೂ ಗೊತ್ತು, ಸೈಲೆಂಟ್ ಪಿ ಅಂತ ಸಾಲ್ಯಾಗೇ ಕಲ್ಸಿರ್ತಾರ. ಆದ್ರ ಮುಂದಿನ ಮಾತು ಕಲ್ಸಿರಲ್ಲ. ಆ ಪ ಸತ್ತಿಲ್ಲ, ಮಲಗ್ಯದ. ಅದರ ಮುಂಚೆ ಒಂದು ಸ್ವರ ಬಂತಂದ್ರ ಭಾಳ ಸಲ ಎದ್ದು ಹೋಗಿ ಆ ಸ್ವರದ ಬೆನ್ನಿಗೆ ಅಂಟ್ಕೋತದ. ನಿದ್ದ್ಯಾಗ ಉಸಿರು ನಿಲ್ಲೋದಕ್ಕ ಆಪ್ನಿಯಾ ಅಂತಾರಲ್ಲ, ಅದರಾಗಿರೋ ಪ್ನ ಮತ್ತ ನ್ಯುಮೋನಿಯಾದಾಗಿರೋ ಪ್ನ ಒಂದೇ ಜೋಡಿ, ಒಂದು ಉಸಿರು, ಇನ್ನೊಂದು ಉಸಿರಿನ ಚೀಲ. ನ್ಯುಮೋನಿಯಾದಾಗ ಪ ಇಲ್ಲ, ಆಪ್-ನಿ-ಯಾದಾಗ ಪ ಖಡಕ್ ಅದ. ದಮ್ಮು ಹತ್ತೋದಕ್ಕ ಡಿಸ್ಪ್ನಿಯಾ, ಅಲ್ಲೂ ಪ ಅನ್ನಬೇಕು, ಡಿಸ್-ನಿಯಾ ಅಂದ್ರ ತಪ್ಪು.

ಶಬ್ದದ ಕೊನಿಗೂ ಇದೇ ನಡೀತದ. ಕಫಕ್ಕ ಇಂಗ್ಲಿಷ್‌ನಾಗ ಫ್ಲೆಮ್, ಬರಿವಾಗ ಮಕಾರದ ಹಿಂದ ಒಂದು ಗಕಾರ ಇರ್ತದ, ಅನ್ನಂಗಿಲ್ಲ. ಅದೇ ಫ್ಲೆಗ್ಮ್ಯಾಟಿಕ್ ಅಂದಾಗ ಗ ಎದ್ದು ಕುಂತ್ಕೋತದ, ಫ್ಲೆಗ್-ಮ್ಯಾ-ಟಿಕ್. ಡಯಾಫ್ರಮ್ ಅಂದಾಗ ಗ ಇಲ್ಲ, ಡಯಾಫ್ರಗ್-ಮ್ಯಾ-ಟಿಕ್ ಹರ್ನಿಯಾ ಅಂದಾಗ ಅದ. ಗ್ಮ ಅನ್ನೋ ಜೋಡಿ ಕೊನ್ಯಾಗ ಒಂದೇ ತುಣುಕಿನಾಗ ಹಿಡಿಸಲ್ಲ, ಮುಂದೊಂದು ಸ್ವರ ಬಂದ್ರ ಗ ಈ ಕಡಿ ಮ ಆ ಕಡಿ ಹಂಚಿ ಹೋಗ್ತಾವ. ಸೈಲೆಂಟ್ ಅಕ್ಷರ ಅಂದ್ರ ಇಂಗ್ಲಿಷಿನೋರ ಹುಚ್ಚಾಟ ಅಂತ ನಮ್ಮ ಜನ ಬೈತಾರ, ಅರ್ಧ ಖರೇ, ಆದ್ರ ಗ್ರೀಕ್ ಶಬ್ದದ ಮಟ್ಟಿಗೆ ಅದಕ್ಕೊಂದು ಲೆಕ್ಕ ಅದ.

ನಮ್ಮ ಬಾಯಿಗೂ ಜೋಡಿ ವ್ಯಂಜನದ ತ್ರಾಸ ಅದಾನೇ, ಆದ್ರ ನಾವು ಬಿಡೋದಿಲ್ಲ, ನಡುವ ಒಂದು ಸ್ವರ ತುರುಕ್ತೀವಿ. ಗ್ರೀಕರ ಆಸ್ಥ್ಮ ಇಂಗ್ಲಿಷ್‌ನಾಗ ಆಸ್ಮ ಆಯ್ತು, ನಡುವಿನದು ಹಾರಿಸಿಬಿಟ್ರು, ನಮ್ಮಲ್ಲಿ ಅಸ್ತಮಾ ಆಯ್ತು. ನಮ್ ಕಡಿ ದಖನಿ ಉರ್ದು ಮಾತಾಡೋರು ಇಸ್ಕೂಲ್, ಇಸ್ಟೇಷನ್ ಅಂತಾರಲ್ಲ, ಅದೂ ಇದೇ ಜಾತಿ, ಸ್ವರನ ಮುಂದ ತಂದು ಇಟ್ಟು ಸಕಾರಕ್ಕ ಕುಂದರ್ಲಾಕ ಜಾಗ ಮಾಡಿ ಕೊಡೋದು. ಮನ್ಯಾಗ ಹಂಗ ಅನ್ರಿ, ಯಾರೂ ಏನೂ ಅನ್ನಂಗಿಲ್ಲ. ವೈವಾ, ಅಂದ್ರ ಬಾಯಿ ಪರೀಕ್ಷಾದಾಗ ಮಾತ್ರ ಎಕ್ಸಾಮಿನರ್ ಮುಖ ನೋಡ್ಕೊಂಡು ಅನ್ರಿ. ಹಾಂ, ಆಸ್ಥ್ಮ ವಿಷಯದಾಗ ಮ್ಯಾಲ ಹೇಳಿದ ಲೆಕ್ಕ ಹಿಡಿಯಲ್ಲ, ಆಸ್ಮ್ಯಾಟಿಕ್ ಅಂದಾಗೂ ಆ ಥಕಾರ ಎದ್ದೇಳೋದಿಲ್ಲ. ಭಾಷಾ ಅಂದ ಮ್ಯಾಲ ಒಂದೆರಡು ಹಿಂಗ ಇದ್ದೇ ಇರ್ತಾವ.

ಇಲ್ಲೊಂದು ಮಾತು ಬಿಡ್ಲಾಕ ಮನಸಾಗವಲ್ದು. ಗ್ರೀಕ್ ವೈದ್ಯದ ಶಬ್ದ ನಮ್ ಊರಿಗೆ ಇಂಗ್ಲಿಷಿಂದೇ ಮೊದಲ ಸಲ ಬಂದಿದ್ದಲ್ಲ. ಯುನಾನಿ ದವಾಖಾನಿ ಅಂತೀವಲ್ಲ, ಯುನಾನಿ ಅಂದ್ರೇ ಗ್ರೀಕ್. ಬಹಮನಿ ಸುಲ್ತಾನರು 1347ರಾಗ ರಾಜ್ಯ ಕಟ್ಟಿ ಕಲಬುರಗಿಗೆ ರಾಜಧಾನಿ ತಂದ್ರು, ಮುಂದ ಬೀದರಿಗೆ ಹೋದ್ರು, ಅವರ ಕಾಲದಾಗ ಫಾರ್ಸಿ ಅರಬಿ ಶಬ್ದ ಈ ನೆಲದಾಗ ಬೇರು ಬಿಟ್ವು. ಉರ್ದು ಮಾತಾಡೋ ಮನ್ಯಾಗ ಕಫಕ್ಕ ಬಲ್ಗಮ್ ಅಂತಾರ, ಅದು ಯಾವುದಂದ್ರ ಈಗ ಹೇಳಿದ್ನಲ್ಲ ಅದೇ ಫ್ಲೆಗ್ಮಾ. ಅರಬಿ ಬಾಯಿಗೆ ಫ್ಲ ಅನ್ನೋ ಜೋಡಿ ಆಗಲಿಲ್ಲ, ನಡುವ ಸ್ವರ ಹಾಕಿ ಬಲ್-ಗಮ್ ಅಂತ ಎರಡು ತುಣುಕು ಮಾಡ್ಕೊಂಡ್ರು, ಗಕಾರ ಪೂರಾ ಉಳಿಸ್ಕೊಂಡ್ರು. ಶುಗರ್ ಕಾಯಿಲಿಗೆ ಉರ್ದುದಾಗ ಜಿಯಾಬೆಟಿಸ್ ಅನ್ನೋದು, ಅದೂ ಡಯಾಬಿಟೀಸ್‌ನ ಅಣ್ಣ. ಒಂದೇ ಶಬ್ದ, ಎರಡು ಹಾದಿಲೆ ಬಂದು ನಮ್ಮ ಒಂದೇ ಗಲ್ಲ್ಯಾಗ ಭೇಟಿ ಆಗ್ಯದ.

ಈಗ ಜೋರು ಎಲ್ಲಿ ಹಾಕಬೇಕು ಅನ್ನೋದು, ಇದೇ ಭಾಳ ಮುಖ್ಯ. ಕನ್ನಡದಾಗ ನಾವು ಎಲ್ಲಾ ಅಕ್ಷರನೂ ಹೆಚ್ಚೂಕಡಿಮಿ ಒಂದೇ ತೂಕದಾಗ ಅಂತೀವಿ. ಇಂಗ್ಲಿಷ್‌ನಾಗ ಒಂದು ತುಣುಕು ಎತ್ತರ, ಉಳಿದದ್ದು ತಗ್ಗು. ತಪ್ಪು ತುಣುಕಿನ ಮ್ಯಾಲ ಜೋರು ಹಾಕಿದ್ರ ಎಲ್ಲಾ ಅಕ್ಷರ ಸರಿ ಅಂದ್ರೂ ಎದುರಿನವರಿಗೆ ತಿಳಿಯಲ್ಲ. ಹುಡುಗ್ರು ಒಂದೊಂದು ಶಬ್ದಕ್ಕೂ ಎಲ್ಲಿ ಜೋರು ಅಂತ ಬಾಯಿಪಾಠ ಮಾಡ್ತಾರ, ಬ್ಯಾಡ. ಈ ಶಬ್ದಗಳೆಲ್ಲ ಗ್ರೀಕಿಂದ ಲ್ಯಾಟಿನ್ ದಾಟಿ ಇಂಗ್ಲಿಷಿಗೆ ಬಂದಾವ, ಅದಕ್ಕ ಜೋರು ಬೀಳೋದು ಲ್ಯಾಟಿನ್ ಲೆಕ್ಕದಾಗ, ಮತ್ತ ಲ್ಯಾಟಿನ್ ಲೆಕ್ಕ ಅಂದ್ರ ಗುರು ಲಘು ಲೆಕ್ಕ. ಹೌದ್ರಿ, ಅದೇ ಗುರು ಲಘು, ಹೈಸ್ಕೂಲ್‌ನಾಗ ಷಟ್ಪದಿಗೆ ಪ್ರಸ್ತಾರ ಹಾಕೋವಾಗ ತಲಿ ಮ್ಯಾಲ ಬಿಲ್ಲು ಗೀಟು ಹಾಕಿದ್ವಲ್ಲ, ಅದು. ದೀರ್ಘ ಇದ್ರ ಗುರು, ಒತ್ತಕ್ಷರದ ಹಿಂದಿನದು ಗುರು, ವ್ಯಂಜನದಾಗ ಮುಗದ್ರ ಗುರು, ಉಳಿದದ್ದು ಲಘು. ಸೇಡಂ ತಾಲೂಕಿನ ಮಳಖೇಡದಾಗ ರಾಷ್ಟ್ರಕೂಟರು ಆಳೋ ಕಾಲಕ್ಕೇ ಈ ಕಡಿ ಛಂದಸ್ಸಿನ ಚರ್ಚೆ ನಡದಿತ್ತು, ಕಾಗಿಣಾ ಹೊಳಿ ದಂಡಿ ಜನಕ್ಕ ಇದು ಹೊರಗಿನ ವಿದ್ಯಾ ಏನಲ್ಲ.

ಲೆಕ್ಕ ಹಿಂಗದ. ಶಬ್ದದ ಕೊನಿಯಿಂದ ಎಣಿಸ್ರಿ. ಕೊನಿಯಿಂದ ಎರಡನೇ ತುಣುಕು ಗುರು ಇದ್ರ ಜೋರು ಅದರ ಮ್ಯಾಲ. ಅದು ಲಘು ಇದ್ರ ಜೋರು ಒಂದು ಹಿಂದ ಸರದು ಮೂರನೇದರ ಮ್ಯಾಲ ಬೀಳ್ತದ. ಡೈ-ಅಗ್-ನೋ-ಸಿಸ್, ನೋ ದೀರ್ಘ, ಜೋರು ಅಲ್ಲೇ. ಥ್ರಾಂ-ಬೋ-ಸಿಸ್, ಸಿ-ರೋ-ಸಿಸ್, ಹಂಗೇ. ಆದ್ರ ಡೈ-ಆಲ್-ಇ-ಸಿಸ್ ನೋಡ್ರಿ, ಕೊನಿಯಿಂದ ಎರಡನೇದು ಇ, ಹ್ರಸ್ವ, ಲಘು, ಜೋರು ಹಿಂದಿನ ಆಲ್ ಮ್ಯಾಲ. ಪೆರಾಲಿಸಿಸ್, ಅನಾಲಿಸಿಸ್, ಕ್ಯಾನ್ಸರ್ ಹಬ್ಬೋದಕ್ಕ ಅಂತಾರಲ್ಲ ಮೆಟಾಸ್ಟಸಿಸ್, ಎಲ್ಲಾ ಇದೇ ಸಾಲಿನವು. ಡಯಾಲಿಸಿಸ್ ಅನ್ನೋದರ ಅರ್ಥ ಡಯಾ ಮತ್ತ ಲಿಸಿಸ್ ನಡುವ ಒಡೀತದ, ಬಾಯಿ ಒಡಿಯೋದು ಬ್ಯಾರೆ ಕಡಿ, ಮತ್ತ ಎರಡು ಜಾಗನೂ ಸರಿ. ನಮ್ಮ ಹೀಮಾಪ್ಟಿಸಿಸ್‌ಗೆ ಹಚ್ಚಿ ನೋಡ್ರಿ, ಕೊನಿಯಿಂದ ಎರಡನೇದು ಟಿ, ಲಘು, ಜೋರು ಮಾಪ್ ಮ್ಯಾಲ. ವಾಂತ್ಯಾಗ ರಕ್ತ ಬಂದ್ರ ಹೀಮಟೆಮಿಸಿಸ್, ಕೊನಿಯಿಂದ ಎರಡನೇದು ಹ್ರಸ್ವ, ಜೋರು ಟೆಮ್ ಮ್ಯಾಲ. ಇವೆರಡೂ ಗೊಂದಲ ಆಗೋ ಶಬ್ದ, ಒಂದು ಫುಪ್ಪುಸದ ರಕ್ತ, ಒಂದು ಹೊಟ್ಟಿ ರಕ್ತ, ರಾತ್ರಿ ಡ್ಯೂಟ್ಯಾಗ ಫೋನ್ ಮ್ಯಾಲ ಹೇಳೋವಾಗ ಮಾಪ್ ಮತ್ತ ಟೆಮ್ ಸಾಫ್ ಕೇಳ್ಬೇಕು, ಉಳಿದದ್ದು ಹ್ಯಾಂಗರೆ ಇರಲಿ.

ಆದ್ರ ಒಂದು ಪ್ರಶ್ನೆ ಏಳ್ತದ, ಕ್ಲಾಸ್‌ನಾಗ ಯಾರರೆ ಒಬ್ರು ಕೇಳೇ ಕೇಳ್ತಾರ. ದೀರ್ಘನೋ ಹ್ರಸ್ವನೋ ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ ಹ್ಯಾಂಗ ತಿಳೀಬೇಕ್ರಿ ಮೇಡಂ? ತಿಳಿಯಂಗಿಲ್ಲ! ಇಲ್ಲೇ ಮಜಾ ಇರೋದು. ಗ್ರೀಕರ ಹಂತ್ಯಾಗ ಹ್ರಸ್ವ ಎಗೊಂದು ಅಕ್ಷರ ಇತ್ತು, ಎಪ್ಸಿಲಾನ್, ದೀರ್ಘ ಏಗೊಂದು ಇತ್ತು, ಈಟಾ. ಹ್ರಸ್ವ ಒ ಓಮಿಕ್ರಾನ್, ದೀರ್ಘ ಓ ಓಮೆಗಾ. ರೋಮನ್ ಲಿಪಿಗೆ ಬರಿವಾಗ ಈ ಭೇದ ಅಳಿಸಿ ಹೋಯ್ತು, ಎರಡಕ್ಕೂ ಒಂದೇ ಅಕ್ಷರ. ಕನ್ನಡದಾಗ ಎ ಏ ಒ ಓ ನಾಲ್ಕೂ ಬ್ಯಾರೆ ಬ್ಯಾರೆ ಅವ, ಸಂಸ್ಕೃತದಾಗ ಹ್ರಸ್ವ ಎ ಒ ಅಂತ ಬ್ಯಾರೆ ಅಕ್ಷರನೇ ಇಲ್ಲ, ನಮಗದ. ಅಂದ್ರ ಈ ಗ್ರೀಕ್ ಸ್ವರಗಳನ್ನ ಇಂಗ್ಲಿಷ್‌ಗಿಂತ ಕನ್ನಡದಾಗೇ ಖಡಕ್ ಬರೀಬಹುದು. ಮೂರು ಶಬ್ದ ತಗೋರಿ. ಚರ್ಮದ ಎಕ್ಸಿಮ, ಮೈ ಬಾವು ಬರೋ ಇಡೀಮ, ಫುಪ್ಪುಸದ ಎಂಫಿಸೀಮ. ಇಂಗ್ಲಿಷ್‌ನಾಗ ಮೂರರ ಬಾಲನೂ ಒಂದೇ ಥರ ಕಾಣ್ತದ, ಅದಕ್ಕ ಹುಡುಗ್ರು ಮೂರನ್ನೂ ಒಂದೇ ಧಾಟ್ಯಾಗ ಅಂತಾರ. ಗ್ರೀಕ್ ರೂಪನ ಕನ್ನಡದಾಗ ಬರದ್ರ ಎಕ್ಜೆಮ, ಒಯ್ದೇಮ, ಎಂಫೂಸೇಮ. ಮೊದಲಿನದರಾಗ ಜೆ ಹ್ರಸ್ವ, ಅದಕ್ಕ ಜೋರು ಹಿಂದ ಸರದು ಎಕ್ ಮ್ಯಾಲ. ಉಳಿದೆರಡರಾಗ ದೇ, ಸೇ ದೀರ್ಘ, ಜೋರು ಅಲ್ಲೇ, ಮತ್ತ ಇಂಗ್ಲಿಷ್‌ನಾಗ ಆ 'ಏ' ಹೋಗಿ 'ಈ' ಆಗಿ ಡೀ, ಸೀ ಅಂತ ಕೇಳ್ತದ. ಅಮೆರಿಕಾದಾಗ ಎಗ್-ಜೀ-ಮ ಅನ್ನೋರೂ ಅದಾರ, ಅದು ಅವರ ಕಥಿ.

ಡಯಾಬಿಟೀಸ್‌ಗೂ ಇದೇ. ಗ್ರೀಕ್‌ನಾಗ ದಿಯಾಬೇತೇಸ್, ಬೇ ದೀರ್ಘ, ಅದಕ್ಕ ಇಂಗ್ಲಿಷ್‌ನಾಗ ಡೈ-ಅ-ಬೀ-ಟೀಸ್. ಬೆ ಅಲ್ಲ, ಬೀ. ಆದ್ರ ಡಯಾಬೆಟಿಕ್ ಅಂದಾಗ ಅದು ಬೆಟ್ ಆಗ್ತದ, ಹ್ರಸ್ವ, ಯಾಕಂದ್ರ ಇಕ್ ಅನ್ನೋ ಬಾಲ ಹತ್ತಿದ್ರ ಜೋರು ಹೆಚ್ಚಾಗಿ ಅದರ ಹಿಂದಿನ ತುಣುಕಿನ ಮ್ಯಾಲ ಬೀಳ್ತದ ಮತ್ತ ಆ ತುಣುಕಿನ ಸ್ವರ ಸಾಮಾನ್ಯವಾಗಿ ಗಿಡ್ಡ ಆಗ್ತದ. ಬಾಲಗಳದ್ದೇ ಒಂದು ಲೋಕ. ಲಜಿ, ಗ್ರಫಿ, ಸ್ಕೊಪಿ, ಟಮಿ, ಇವು ಹತ್ತಿದ್ರ ಜೋರು ಬಾಲಕ್ಕ ತಾಗಿದ ಹಿಂದಿನ ಸ್ವರದ ಮ್ಯಾಲ, ಕಾರ್ಡಿ-ಆ-ಲಜಿ, ಎಂ-ಡಾ-ಸ್ಕೊಪಿ, ಟ್ರೇಕಿ-ಆ-ಟಮಿ. ಸ್ಕೋಪ್ ಅಂತ ಮಶೀನಿನ ಹೆಸರಾದ್ರ ಜೋರು ಎದ್ದು ಮೊದಲ ತುಣುಕಿಗೆ ಓಡ್ತದ, ಎಂ-ಡೊ-ಸ್ಕೋಪ್. ಐಟಿಸ್ ಇದ್ರ ಐ ಮ್ಯಾಲೇ ಜೋರು, ಆರ್-ಥ್ರೈ-ಟಿಸ್, ನಡುವ ಇನ್ನೊಂದು ಸ್ವರ ಹಾಕಿ ಆರ್ಥರೈಟಿಸ್ ಅನ್ನಬ್ಯಾಡ್ರಿ.

ಇಯಾಸಿಸ್ ಅನ್ನೋ ಬಾಲ ನಮ್ ಮೂರೂ ಜಿಲ್ಲಾದೋರಿಗೆ ಗೊತ್ತಿರಬೇಕಾದ್ದು. ಆನೆಕಾಲು ರೋಗ ಈ ಕಡಿ ಇದ್ದದ್ದೇ, ಕಲಬುರಗಿ, ಬೀದರ, ಯಾದಗಿರಿ ಮೂರರಾಗೂ ಮನಿಮನಿಗೆ ಬಂದು ಗುಳಿಗಿ ನುಂಗಿಸ್ಯಾರ, ಆಶಾ ಅಕ್ಕೋರು ಎದುರಿಗೇ ನಿಂತು ನುಂಗು ಅಂದಾರ. ಅದರ ಹೆಸರು ಫಿಲರಯಸಿಸ್, ಫಿ-ಲ-ರೈ-ಅ-ಸಿಸ್, ಜೋರು ರೈ ಮ್ಯಾಲ. ಫೈಲೇರಿಯಾ-ಸಿಸ್ ಅಂತ ಒಡದು ಅನ್ನೋದು ನಮ್ಮಲ್ಲಿ ರೂಢಿ, ಊರಾಗ ನಡೀತದ, ಪರೀಕ್ಷಾದಾಗ ನಡಿಯಂಗಿಲ್ಲ. ಕಾಲು ಬಾತು ಆನಿ ಕಾಲಿನಂಗ ಆದ್ರ ಎಲಿಫಂಟಯಸಿಸ್, ಎ-ಲಿ-ಫನ್-ಟೈ-ಅ-ಸಿಸ್, ಜೋರು ಟೈ ಮ್ಯಾಲ. ಇದರಾಗ ಎಲಿಫಂಟ್ ಮುಗಿಯೋ ಜಾಗದಾಗ ಅರ್ಥ ಒಡೀತದ, ಬಾಯಿ ಮಾತ್ರ ಆ ಕೊನಿ ಟಕಾರನ ಕಿತ್ಕೊಂಡು ಮುಂದಿನ ಮನಿಗೆ ಕೊಡ್ತದ. ಕನ್ನಡದಾಗ ಊರು ಇನ್ನೊಂದು ಕೂಡಿ ಊರಿನ್ನೊಂದು ಆಗಿ ಊ-ರಿನ್-ನೊಂ-ದು ಅಂತ ಕೇಳೋದಿಲ್ಲೇನು, ಲೋಪಸಂಧಿ ಮಾಡೋರಿಗೆ ಇದು ಯಾವ ಮಹಾ.

ಸೇಡಂ ರೋಡ್ ಕಡಿ ದವಾಖಾನಿ ಬೋರ್ಡ್ ಓದ್ಕೋತ ಹೋದ್ರ ಒಂದು ಶಬ್ದ ಅರ್ಧ ಬೋರ್ಡ್ ತಿಂದಿರ್ತದ, ಓಟೋರೈನೋಲ್ಯಾರಿಂಗಾಲಜಿ. ಜನ ಇಎನ್‌ಟಿ ಅಂತಾರ, ಶಾಣ್ಯಾ ಕೆಲಸ. ಅರ್ಥಕ್ಕ ನಾಲ್ಕು ತುಣುಕು, ಓಟೊ ಕಿವಿ, ರೈನೊ ಮೂಗು, ಲ್ಯಾರಿಂಗೊ ಗಂಟಲು, ಲಜಿ ವಿದ್ಯಾ. ಬಾಯಿಗೆ ಒಂಬತ್ತು, ಓ-ಟೋ-ರೈ-ನೋ-ಲ್ಯಾ-ರಿಂಗ್-ಗಾ-ಲ-ಜಿ, ಜೋರು ಗಾ ಮ್ಯಾಲ, ಲಜಿ ಬಾಲದ ಲೆಕ್ಕದಾಗೇ. ಇದರಾಗಿನ ಗಕಾರ ನೋಡ್ರಿ. ಲ್ಯಾರಿಂಗಾಲಜಿದಾಗ ಗ, ಲ್ಯಾರಿಂಗೊಸ್ಕೋಪ್‌ನಾಗೂ ಗ, ಆದ್ರ ಗಂಟಲು ಬಾತ್ರ ಲ್ಯಾರಿಂಜೈಟಿಸ್, ಅಲ್ಲಿ ಜ. ಅಕ್ಷರ ಅದೇ! ಇಂಗ್ಲಿಷ್‌ನಾಗ ಆ ಅಕ್ಷರದ ಮುಂದ ಇ, ಎ, ಇಲ್ಲಾ ವೈ ಅನ್ನೋ ಅಕ್ಷರ ಬಂದ್ರ ಅದು ಮೆತ್ತಗಾಗಿ ಜ ಆಗ್ತದ, ಮುಂದ ಆ ಓ ಉ ಬಂದ್ರ ಗ ಆಗೇ ಉಳೀತದ. ಮೆನಿಂಜೈಟಿಸ್‌ನಾಗ ಜ, ಮೆನಿಂಗೊಕಾಕಸ್‌ನಾಗ ಗ. ಮೂಲ ಗ್ರೀಕರ ಬಾಯಾಗ ಎಲ್ಲಾ ಗಟ್ಟಿ ಗಕಾರನೇ, ಮೆತ್ತಗ ಮಾಡಿದ್ದು ಮುಂದಿನೋರು. ಗೈನಕಾಲಜಿ ಒಂದು ಹಟ ಹಿಡದು ವೈ ಮುಂದಿದ್ರೂ ಗ ಆಗೇ ಕುಂತದ. ಸಿ ಅಕ್ಷರದ ಕಥಿನೂ ಇದೇ, ಮುಂದ ಇ ಎ ಬಂದ್ರ ಸ, ಇಲ್ಲಂದ್ರ ಕ. ಮೆದುಳು ಜ್ವರಕ್ಕ ಎನ್ಸೆಫಲೈಟಿಸ್ ಅನ್ನೋರೂ ಅದಾರ, ಗ್ರೀಕ್ ಕಕಾರ ಉಳಿಸ್ಕೊಂಡು ಎನ್ಕೆಫಲೈಟಿಸ್ ಅನ್ನೋ ಬ್ರಿಟಿಷ್ ಧಾಟಿಯವ್ರೂ ಅದಾರ.

ಈ ಮೆತ್ತಗಿನ ಜಕಾರದಿಂದ ಖರೇ ಅಪಾಯ ಆಗೋ ಒಂದು ಜೋಡಿ ಅದ. ಡಿಸ್ಫೇಜಿಯ ಅಂದ್ರ ನುಂಗ್ಲಾಕ ಆಗದಿರೋದು, ಡಿಸ್ಫೇಝಿಯ ಅಂದ್ರ ಮಾತು ಸರಿಯಾಗಿ ಬರದಿರೋದು. ಒಂದರಾಗ ಜ, ಇನ್ನೊಂದರಾಗ ಇಂಗ್ಲಿಷಿನ ಆ ಮೆತ್ತಗಿನ ಝ. ಉರ್ದು ಬಾಯಿ ಇದ್ದೋರು ಬ್ಯಾರೆ ಮಾಡಿ ಅಂತಾರ, ಉಳಿದೋರ ಬಾಯಾಗ ಎರಡೂ ಒಂದೇ ಆಗಿಬಿಡ್ತಾವ. ಲಕ್ವಾ ಹೊಡದ ಪೇಷಂಟ್‌ಗೆ ಎರಡೂ ಬರೋ ಸಾಧ್ಯತಾ ಇರ್ತದ, ಅದಕ್ಕೇ ಕಷ್ಟ. ನುಂಗ್ಲಾಕ ಆಗದವರಿಗೆ ಬಾಯಿಲೆ ಗಂಜಿ ಹಾಕಿದ್ರ ಉಸಿರಿನ ನಳಿಗಿ ಹೋಗ್ತದ, ಮಾತು ಬರದವರಿಗೆ ಉಪವಾಸ ಕೆಡವೋದು ಯಾಕ? ಈಗ ಭಾಳ ಮಂದಿ ಡಾಕ್ಟ್ರು ಎರಡನೇದಕ್ಕ ಅಫೇಝಿಯ ಅಂತ ಅಂದು ತ್ರಾಸ ತಪ್ಪಿಸ್ತಾರ. ನನ್ನ ಹುಡುಗ್ರಿಗೆ ನಾ ಹೇಳೋದು, ಡ್ಯೂಟಿ ಮುಗದು ಮುಂದಿನೋರಿಗೆ ಹ್ಯಾಂಡೋವರ್ ಕೊಡೋವಾಗ ಶಬ್ದ ಅಂದು ಬಿಡಬ್ಯಾಡ್ರಿ, ಜೋಡಿಗೇ "ಪೇಷಂಟ್‌ಗೆ ನುಂಗ್ಲಾಕ ಆಗವಲ್ದು ಸಿಸ್ಟರ್" ಅಂತ ಕನ್ನಡದಾಗ ಹೇಳಿಬಿಡ್ರಿ, ಯಾರೂ ಕಿಮ್ಮತ್ತು ಕಮ್ಮಿ ಮಾಡಂಗಿಲ್ಲ.

ಉಳಿದದ್ದು ಗಡಬಡಿಲೆ ಹೇಳ್ತೀನಿ. ಗ್ರೀಕ್ ಶಬ್ದದಾಗ ಸಿಎಚ್ ಇದ್ರ ಕ, ಚ ಅಲ್ಲ. ಪಿತ್ತಕೋಶ ತೆಗಿಯೋ ಆಪರೇಷನ್ ಕೋಲಿಸಿಸ್ಟೆಕ್ಟಮಿ, ಚೋಲೆ ಅಂದ್ರ ಥಿಯೇಟರ್‌ನಾಗ ಎಲ್ಲಾರಿಗೂ ಭಟೂರಾ ನೆನಪಾಗ್ತದ. ಪಿಎಚ್ ಇದ್ರ ಈಗ ತುಟಿ ಹಲ್ಲಿನ ಫ, ಆದ್ರ ಹಳೇ ಗ್ರೀಕರು ಅದನ್ನ ನಮ್ಮ ಫಲ ಶಬ್ದದ ಮಹಾಪ್ರಾಣದಂಗೇ ಅಂತಿದ್ರು, ಅದಕ್ಕೇ ರೋಮನ್ನರು ಪಕಾರದ ಬೆನ್ನಿಗೆ ಹಕಾರ ಅಂಟಿಸಿ ಬರದ್ರು. ಗಂಟಲಮಾರಿಗೆ ಡಿಫ್-ತೀ-ರಿಯ, ಕಣ್ಣಿನ ವಿಭಾಗಕ್ಕ ಆಫ್-ಥಲ್-ಮಾ-ಲಜಿ. ಡಿಪ್, ಆಪ್ ಅನ್ನೋದು ಇಂಗ್ಲಿಷ್ ದೇಶದಾಗೂ ಎಷ್ಟು ರೂಢಿ ಆಗ್ಯದಂದ್ರ ಡಿಕ್ಷನರಿದಾಗ ಅದನ್ನೂ ಕೊಡ್ತಾರ.

ಈಗ ದೊಡ್ಡದು. ಬಿಪಿ ಮಶೀನ್. ಇಟಲಿಯ ರೀವಾ ರೊಚ್ಚಿ 1896ರಾಗ ತೋಳಿಗೆ ಪಟ್ಟಿ ಸುತ್ತಿ ಪಾದರಸದಾಗ ಅಳಿಯೋದು ತೋರಿಸಿದ್ರು, 1905ರಾಗ ರಷ್ಯಾದ ಕೊರೊಟ್ಕಾಫ್ ಅದಕ್ಕ ಸ್ಟೆಥೋಸ್ಕೋಪ್ ಇಟ್ಟು ಸಪ್ಪಳ ಕೇಳೋದು ಕೂಡಿಸಿದ್ರು, ಈಗೂ ವಾರ್ಡ್‌ನಾಗ ನಾವು 'ಕೊರೊಟ್ಕಾಫ್ ಸೌಂಡ್' ಅಂತೀವಿ. ಮಶೀನಿನ ಪೂರಾ ಹೆಸರು ಸ್ಫಿಗ್ಮೋಮನಾಮಿಟರ್. ಅರ್ಥಕ್ಕ ಸ್ಫಿಗ್ಮೊ ನಾಡಿ, ಮ್ಯಾನೊ ತೆಳ್ಳಗಿನದು, ಮೀಟರ್ ಅಳತಿ. ಬೋರ್ಡ್ ಮ್ಯಾಲ ಬರದು ಪ್ರಸ್ತಾರ ಹಾಕ್ತೀವಿ, ಸ್ಫಿಗ್-ಮೋ-ಮ-ನಾಮ್-ಇ-ಟರ್. ಕೊನಿಯಿಂದ ಎರಡನೇದು ಇ, ಲಘು, ಜೋರು ನಾಮ್ ಮ್ಯಾಲ, ಥರ್ಮಾಮಿಟರ್‌ನಾಗ ಮಾಮ್ ಮ್ಯಾಲ ಬಿದ್ದಂಗ. ಸ್ಫಿಗ್‌ನಾಗಿನ ಗ ಎಚ್ಚರ ಅದ ನೋಡ್ರಿ, ಫ್ಲೆಮ್‌ನಾಗ ಮಲಗಿತ್ತಲ್ಲ ಅದೇ ಗ್ಮ ಜೋಡಿ, ಇಲ್ಲಿ ಮುಂದ ಓ ಬಂದದ್ದಕ್ಕ ಗ ಆ ಕಡಿ ಮ ಈ ಕಡಿ. ಬಾಯಿಗೆ ಕೂಡಿಸೋದು ಮುಂದಿಂದಲ್ಲ, ಬಾಲದಿಂದ. ಮೊದಲ ಇಟರ್, ಆಮ್ಯಾಲ ನಾಮಿಟರ್, ಮನಾಮಿಟರ್, ಮೋಮನಾಮಿಟರ್, ಕೊನಿಗೆ ಸ್ಫಿಗ್ಮೋಮನಾಮಿಟರ್. ಮುಂದಿಂದ ಶುರು ಮಾಡಿದ್ರ ಜೋರು ಬೀಳೋ ಜಾಗಕ್ಕ ಬರೋದ್ರಾಗ ಉಸಿರು ಮುಗದಿರ್ತದ, ಬಾಲದಿಂದ ಕಟ್ಟಿದ್ರ ನಾಮ್ ಮೊದಲೇ ಗಟ್ಟಿ ಕುಂತಿರ್ತದ. ಶುರುವಿನ ಸ್ಫಕ್ಕ ಇಸ್ಫಿಗ್ ಅಂತ ಬಂದ್ರ, ಮೊದಲ ಸಸ್ಸ್ ಅಂತ ಸ್ವಲ್ಪ ಎಳದು ಆಮ್ಯಾಲ ಫಿಗ್ ಅಂದ್ರ ಆ ಇಕಾರ ತಾನೇ ಬಿಟ್ಟು ಹೋಗ್ತದ.

ಎಲ್ಲಾ ಲೆಕ್ಕ ಕಲ್ತ ಮ್ಯಾಲೂ ಕೆಲವು ಶಬ್ದದ ಮ್ಯಾಲ ದೊಡ್ಡ ದೊಡ್ಡ ಡಾಕ್ಟ್ರೇ ಜಗಳಾಡ್ತಾರ. ಎದಿ ನೋವಿನ ಆಂಜೈನ. ಜೈ ದೀರ್ಘ ಅಂದ್ರ ಆನ್-ಜೈ-ನ, ಹ್ರಸ್ವ ಅಂದ್ರ ಆನ್-ಜಿ-ನ, ಜೋರು ಹಿಂದ ಸರೀತದ, ಎರಡೂ ಡಿಕ್ಷನರಿದಾಗ ಅವ, ಆ ಸ್ವರ ಮೂಲದಾಗ ಗುರುನೋ ಲಘುನೋ ಅಂತ ಪಂಡಿತ್ರಲ್ಲೇ ಒಮ್ಮತ ಇರಲಿಲ್ಲ. ಕೈ ಕಾಲು ಕಳ್ಕೊಂಡೋರಿಗೆ ಹಾಕೋ ಪ್ರಾಸ್ಥೀಸಿಸ್ ಲೆಕ್ಕದ ಪ್ರಕಾರ ಪ್ರಾಸ್-ಥಿ-ಸಿಸ್ ಆಗ್ಬೇಕಿತ್ತು, ಗ್ರೀಕ್‌ನಾಗ ಅಲ್ಲಿರೋದು ಹ್ರಸ್ವ ಎ, ಆದ್ರ ಎಲ್ಲಾರೂ ಥೀ ಮ್ಯಾಲೇ ಜೋರು ಹಾಕ್ತಾರ. ಇಂಥಲ್ಲಿ ಹುಡುಗ್ರು ನನ್ನ ಕೇಳ್ತಾರ, ಯಾವುದು ಅನ್ಲಿ ಮೇಡಂ ಅಂತ. ನಿಮ್ಮ ವಾರ್ಡಿನ ಸೀನಿಯರ್ ಹ್ಯಾಂಗ ಅಂತಾರೋ ಹಂಗೇ ಅನ್ರಿ, ವಾರ್ಡ್ ಬದಲಾದ್ರ ನೀವೂ ಬದಲಾಗ್ರಿ ಅಂತೀನಿ.